ಆಳವಿಲ್ಲದ ಹೊಲ

ವಿಜಯಪುರದ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಅಂತಸ್ತಿನಲ್ಲಿ, ಪೂರ್ವಾಭಿಮುಖವಾಗಿ, ಹತ್ತು ಅಡಿ ಉದ್ದ ನಾಲ್ಕು ಅಡಿ ಅಗಲದ ಒಂದು ಗ್ಯಾಲರಿಯು ನನ್ನ ಪಾಲಿಗೆ ಬಂದು ಒಂಬತ್ತು ವರ್ಷಗಳಾದುವು. ನಮ್ಮ ಕಡೆಯ ಉತಾರಗಳಲ್ಲಿ ಭೂಮಿಯನ್ನು ಎಕರೆ, ಗುಂಟೆ, ಆಣೆಗಳಲ್ಲಿ ಬರೆಯುವುದು ರೂಢಿಯಷ್ಟೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ, ಆಣೆಯೊಂದಕ್ಕೆ ಸುಮಾರು 68 ಚದರಡಿ. ಆ ಲೆಕ್ಕಕ್ಕೆ ಹಿಡಿದರೆ ನನ್ನ ಗ್ಯಾಲರಿಯು ಪೂರ್ತಿ ಒಂದು ಆಣೆಯ ಭೂಮಿಯೂ ಆಗಲಾರದು. ಆದರೂ ಸೇವೆಯಿಂದ ನಿವೃತ್ತನಾಗಿ, ಊರ ಮನೆಯ ಹಿತ್ತಲನ್ನು ಬಿಟ್ಟು, ಮಕ್ಕಳ ಅನುಕೂಲಕ್ಕಾಗಿ ಈ ಕಟ್ಟಡಕ್ಕೆ ಬಂದು ನೆಲೆಸಿದ ಮೊದಲ ಮುಂಜಾವಿನಲ್ಲಿ, ಆ ಬರಿಯ ಸಿಮೆಂಟಿನ ನೆಲದ ಮೇಲೆ ಸೂರ್ಯನ ಎಳೆಯ ಬಿಸಿಲು ಚಾಚಿಕೊಂಡು ಬಿದ್ದಿದ್ದುದನ್ನು ಕಂಡಾಗ, ಇಷ್ಟು ಒಳ್ಳೆಯ ಬಿಸಿಲು ಒಂದು ಎಲೆಯ ಮೇಲೂ ಬೀಳದೆ ವ್ಯರ್ಥವಾಗಿ ಹೋಗುತ್ತಿದೆಯಲ್ಲಾ ಎಂಬ ಸಂಕಟವು ನನ್ನನ್ನು ಹಿಡಿಯಿತು. ಅಲ್ಲಿಂದ ಈ ಕಥೆ ಮೊದಲಾಯಿತು.

ನಾನು ಹುಟ್ಟಿದ್ದು ಮುದ್ದೇಬಿಹಾಳ ಸೀಮೆಯ ಡೋಣಿ ದಂಡೆಯಲ್ಲಿ. ಮಕ್ಕಳಿಗೆ ಪಾಠ ಹೇಳುತ್ತ ಮೂವತ್ತೆರಡು ವರ್ಷ ಕಳೆದದ್ದು ಇಂಡಿ, ಸಿಂದಗಿ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ. ಬಡಗಣ ಭೀಮೆಗೂ ತೆಂಕಣ ಕೃಷ್ಣೆಗೂ ನಡುವೆ ಹಬ್ಬಿರುವ ಈ ಸೀಮೆಯಲ್ಲಿ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರು. ಅದೂ ತನಗೆ ಮನಸ್ಸು ಬಂದಾಗ. ಡೋಣಿಯ ನೀರಂತೂ ಸವಳು, ಬಾಯಿಗೆ ಹಾಕಲಾಗದು. ಆದರೆ ಅದರ ದಂಡೆಯ ಎರೆಭೂಮಿಯ ಗುಣವೇ ಬೇರೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಬಾಯಿಮಾತಲ್ಲ. ಮಳೆಗಾಲದ ಕೊನೆಯಲ್ಲಿ ಹಿಂಗಾರಿ ಜೋಳವನ್ನು ಬಿತ್ತಿ, ಆಮೇಲೆ ಒಂದು ಹನಿ ಬೀಳಲಿ ಬೀಳದಿರಲಿ, ಮಾಘಮಾಸದ ಹೊತ್ತಿಗೆ ಮುತ್ತಿನಂತಹ ತೆನೆಗಳನ್ನು ಮುರಿಯುವುದು ನಮ್ಮವರಿಗೆ ತಲೆತಲಾಂತರದ ಸಾಮಾನ್ಯ ಸಂಗತಿ. ಈ ಸೋಜಿಗವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಲೆಂದೇ 1933ರಲ್ಲಿ ಬಿಜಾಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ಇಂತಹ ಮಣ್ಣಿನಲ್ಲಿ ಬೆಳೆದವನಿಗೆ ಕುಂಡ ತುಂಬಿಸಲು ಬೇರೆ ಯಾವ ಮಣ್ಣು ನೆನಪಾದೀತು? ದಸರೆಗೆ ಊರಿಗೆ ಹೋದವನು ನಮ್ಮ ಹೊಲದ ಮೇಲ್ಮಣ್ಣನ್ನು ಆರು ಗೋಣಿಚೀಲಗಳಲ್ಲಿ ತುಂಬಿಸಿ, ಟಂಟಂ ಗಾಡಿಯಲ್ಲಿ ಹೇರಿಸಿ, ಭಕ್ತನೊಬ್ಬನು ಕ್ಷೇತ್ರದ ಮೃತ್ತಿಕೆಯನ್ನು ತರುವಂತೆ ತಂದೆನು.

ಹಳೆಯ ಬಣ್ಣದ ಡಬ್ಬಿಗಳು, ತೂತುಬಿದ್ದ ಬಕೆಟ್ಟುಗಳು, ಎರಡು ದೊಡ್ಡ ಪ್ಲಾಸ್ಟಿಕ್ ಬುಟ್ಟಿಗಳು, ಕುಂಬಾರರಿಂದ ಕೊಂಡ ನಾಲ್ಕು ಮಣ್ಣಿನ ಕುಂಡಗಳು ಸೇರಿ ಹದಿನಾಲ್ಕು ಪಾತ್ರೆಗಳಾದುವು. ಪ್ರತಿಯೊಂದರ ತಳಕ್ಕೂ ರಂಧ್ರ ಕೊರೆದು, ಎರೆಮಣ್ಣನ್ನು ಕಂಠದವರೆಗೆ ತುಂಬಿ, ಮೆಂತೆ, ಕೊತ್ತಂಬರಿ, ಬದನೆ, ಮೆಣಸಿನಕಾಯಿ, ಚವಳಿಕಾಯಿಗಳ ಬೀಜ ಬಿತ್ತಿದೆನು. ಚಳಿಗಾಲವು ಹೇಗೋ ಕಳೆಯಿತು. ಬಿತ್ತಿದ್ದು ಅರೆಬರೆಯಾಗಿ ಹುಟ್ಟಿತಾದರೂ, ನಾನು ಬಿತ್ತದೆ ಇದ್ದ ಹಕ್ಕರಿಕೆಯ ಸೊಪ್ಪು ಮಾತ್ರ ಎರಡು ಬಕೆಟ್ಟುಗಳಲ್ಲಿ ತಾನಾಗಿಯೇ ಎದ್ದು ನಿಂತಿತು. ನಮ್ಮ ಹೊಲದ ಜೋಳದ ಸಾಲಿನಲ್ಲಿ ಚಿಕ್ಕಂದಿನಲ್ಲಿ ಕಿತ್ತು, ಮಣ್ಣು ಝಾಡಿಸಿ, ಹಸಿಯದನ್ನೇ ರೊಟ್ಟಿಯೊಡನೆ ತಿಂದ ಅದೇ ಹಕ್ಕರಿಕೆ! ಚೀಲದಲ್ಲಿ ಮಣ್ಣಿನ ಜೊತೆಗೆ ಅದರ ಬೀಜವೂ ಬಂದಿತ್ತೆಂಬುದು ಬುದ್ಧಿಗೆ ತಿಳಿದಿದ್ದರೂ, ಊರಿನಿಂದ ಯಾರೋ ಹುಡುಕಿಕೊಂಡು ಬಂದಂತೆ ನನ್ನ ಕಣ್ಣು ಒದ್ದೆಯಾಯಿತೆಂಬುದನ್ನು ಮುಚ್ಚಿಡಲಾರೆ.

ಹೋಳಿಹುಣ್ಣಿಮೆ ಕಳೆದು ಬಿಸಿಲೇರಿದಂತೆ ಎಲ್ಲವೂ ಕೆಟ್ಟಿತು. ಎರೆಯ ಸ್ವಭಾವವೇನೆಂದರೆ ನೀರುಂಡಾಗ ಉಬ್ಬುವುದು, ಒಣಗಿದಾಗ ಕುಗ್ಗುವುದು. ಹೊಲದಲ್ಲಿ ಈ ಉಬ್ಬು-ಕುಗ್ಗುಗಳೇ ಅದರ ಪುಣ್ಯ. ಬೇಸಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಟ್ಟು, ಮೇಲಿನ ಮಣ್ಣು ಆ ಬಿರುಕಿನೊಳಗೆ ಉದುರಿ, ಮಳೆ ಬಿದ್ದಾಗ ಮತ್ತೆ ಉಬ್ಬಿ ಕೂಡಿ, ವರುಷ ವರುಷಕ್ಕೂ ಆ ಭೂಮಿಯು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಬಕೆಟ್ಟಿನಲ್ಲಿಯಾದರೋ ಅದು ಕುಗ್ಗಿ, ಪಾತ್ರೆಯ ಮೈಯನ್ನು ಬಿಟ್ಟು, ಮುದುಡಿದ ಮುಷ್ಟಿಯಂತೆ ನಡುವೆ ನಿಂತುಬಿಟ್ಟಿತು. ಸುತ್ತಲೂ ಬೆರಳಗಲದ ಸಂದು. ನಾನು ಎರೆದ ನೀರೆಲ್ಲ ಆ ಸಂದಿನಿಂದ ಸರಸರನೆ ಇಳಿದು, ತಳದ ತೂತಿನಿಂದ ಹರಿದು ಹೋಗುತ್ತಿತ್ತು. ಗಿಡದ ಬೇರು ಮಾತ್ರ ಕಲ್ಲಿನಂತಹ ಹೆಂಟೆಯ ನಡುವೆ ಬಾಯಾರಿ ಒಣಗುತ್ತಿತ್ತು. ಒಣಗಿದೆಯೆಂದು ನಾನು ಮತ್ತಷ್ಟು ನೀರೆರೆದೆನು. ಆ ಕಪ್ಪು ನೀರು ಗ್ಯಾಲರಿಯ ಅಂಚಿನಿಂದ ಇಳಿದು, ಕೆಳಗಿನ ಮನೆಯವರು ಒಣಹಾಕಿದ್ದ ಶಾವಿಗೆಯ ಮೇಲೆ ಬಿದ್ದಿತು.

ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಮನೆಯ ಮುದುಕಿಯೊಬ್ಬರು ಮೆಟ್ಟಿಲೇರಿ ಬಂದರು. ಇಳಿವಯಸ್ಸು, ಇಳಕಲ್ಲ ಸೀರೆ, ಹಣೆಯಲ್ಲಿ ವಿಭೂತಿ. ನಾನು ಕೈಜೋಡಿಸಿ ಕ್ಷಮೆ ಕೇಳತೊಡಗಿದೆನು. ಅವರು ಅತ್ತ ಲಕ್ಷ್ಯವನ್ನೇ ಕೊಡದೆ ನೇರವಾಗಿ ಗ್ಯಾಲರಿಗೆ ಹೋಗಿ, ಬಗ್ಗಿ, ಒಂದು ಹೆಂಟೆಯನ್ನು ಮುರಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡಿದರು.

"ಇದು ಡೋಣಿ ದಂಡೀ ಎರಿ ಅಲ್ಲೇನ್ರಿ, ಮಾಸ್ತರ?"

"ಹೌದ್ರಿ ಅವ್ವಾರ. ನಿಮಗ ಹ್ಯಾಂಗ ತಿಳೀತು?"

"ತಿಳೀದೇನ ಮಾಡ್ತದ, ಜಲ್ಮೆಲ್ಲಾ ಮಣ್ಣಾಗ ಹೋಗೇದ. ಶಾವಿಗಿ ಹೋದ್ರ ಮತ್ತ ಮಾಡ್ಕೊಂಡೇನು, ಅದಕ್ಕಲ್ಲ ನಾ ಬಂದಿದ್ದು. ಈ ಎರಿ ಹೊಲದಾಗ ತಾಯಿ ಇದ್ದಾಂಗರಿ. ಬಕೀಟನ್ಯಾಗ ಏನ ಮಾಡೀತು ಪಾಪ? ಅದಕ್ಕ ಕಾಲ ಚಾಚಾಕ ಜಾಗಾ ಬೇಕು."

ಪುಸ್ತಕಗಳಲ್ಲಿ ನಾನು ಎಷ್ಟು ಓದಿದ್ದರೂ, ಆ ಒಂದು ಮಾತಿನಷ್ಟು ನನಗೆ ಬೋಧೆಯಾದುದು ಮತ್ತೊಂದಿಲ್ಲ. ಎರೆಭೂಮಿಯ ಶಕ್ತಿಯಿರುವುದು ಅದರ ಮೇಲ್ಮೈಯಲ್ಲಿ ಅಲ್ಲ, ಆಳದಲ್ಲಿ. ಮಳೆಗಾಲದ ನೀರನ್ನು ಆಳುದ್ದ ಮಣ್ಣಿನಲ್ಲಿ ತಡೆದಿಟ್ಟುಕೊಂಡು, ನಾಲ್ಕೈದು ಅಡಿ ಕೆಳಗೆ ಹೋಗಿ ಹುಡುಕುವ ಜೋಳದ ಬೇರಿಗೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತ, ನಾಲ್ಕು ತಿಂಗಳು ಅದನ್ನು ಸಾಕುವುದು ಆ ಆಳವೇ. ನಾನು ಆ ಆಳವನ್ನು ಹೊಲದಲ್ಲಿಯೇ ಬಿಟ್ಟು, ಮೇಲಿನ ಒಂದು ಗೇಣನ್ನು ಮಾತ್ರ ಚೀಲದಲ್ಲಿ ತುಂಬಿಕೊಂಡು ಬಂದಿದ್ದೆನು. ಕುಂಡವೆಂದರೆ ಆಳವಿಲ್ಲದ ಹೊಲ. ಭೂಮಿ ತಾನಾಗಿ ಮಾಡುತ್ತಿದ್ದ ಕೆಲಸಗಳನ್ನೆಲ್ಲ, ನೀರು ಕಾಯ್ದಿಡುವುದನ್ನು, ಉಸಿರಿಗೆ ಎಡೆ ಕೊಡುವುದನ್ನು, ಕೊಳೆತದ್ದನ್ನು ಸತ್ವವಾಗಿಸುವುದನ್ನು, ಇಲ್ಲಿ ಸಾಕುವವನೇ ತನ್ನ ಕೈಯಿಂದ ಮಾಡಬೇಕು.

ಅವ್ವಾರ ಹಳ್ಳಿ ನಿಡಗುಂದಿಯ ಕಡೆಯದು. ಅಂದಿನ ಬಸವನ ಬಾಗೇವಾಡಿ ತಾಲೂಕು, ಕೃಷ್ಣೆಯ ದಂಡೆ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟಾಗ ಅವರು ಆಗತಾನೆ ಬುದ್ಧಿ ಬಲಿಯುತ್ತಿದ್ದ ಹುಡುಗಿ. ಹಿನ್ನೀರು ಬಂದು ಊರ ಅಗಸೆಯನ್ನು ಮುಟ್ಟಿದಾಗ ಮಕ್ಕಳಿಗೆ ಮದುವೆ ಮಾಡಿದ ಗೃಹಿಣಿ. ಇಂದು 519.60 ಮೀಟರಿನವರೆಗೆ ನಿಲ್ಲುವ ಆ ನೀರಿನಿಂದ ಎಷ್ಟೋ ಸಾವಿರ ಎಕರೆಗೆ ಕಾಲುವೆ ಹರಿದಿದೆ, ಈ ನಗರದ ನಳಗಳಲ್ಲಿ ಬರುವುದೂ ಕೃಷ್ಣೆಯೇ. ಅದರ ಉಪಕಾರವನ್ನು ಅವರು ಎಂದೂ ಅಲ್ಲಗಳೆದವರಲ್ಲ. ಆದರೆ ಪುನರ್ವಸತಿಯ ಊರಿನಲ್ಲಿ ಅವರಿಗೆ ಮನೆಗೆ ಜಾಗ ಸಿಕ್ಕಿತು, ಹಿತ್ತಲು ಸಿಗಲಿಲ್ಲ. ಊರು ಬಿಡುವ ದಿನ ಪೆಟ್ಟಿಗೆ, ಬೋಗಾಣಿ, ಬೀಸುಕಲ್ಲುಗಳನ್ನೆಲ್ಲ ಗಂಡಸರು ಟ್ರ್ಯಾಕ್ಟರಿಗೆ ಏರಿಸುತ್ತಿರಲು, ಇವರು ಹಿತ್ತಲಿಗೆ ಹೋಗಿ, ಕೈಗೆ ಸಿಕ್ಕ ಬೀಜಗಳನ್ನೆಲ್ಲ ಆರಿಸಿ, ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿಕೊಂಡರಂತೆ. ಪುಂಡಿ, ಹೀರೆ, ಅವರೆ, ಮುಳ್ಳು ಬದನೆ. ಅಂದಿನಿಂದ ಒಂದು ವರ್ಷವೂ ತಪ್ಪಿಸದೆ, ಡಬ್ಬಿಯಲ್ಲಾದರೂ ಸರಿ, ಒಡೆದ ಕೊಡದಲ್ಲಾದರೂ ಸರಿ, ಬಿತ್ತಿ, ಬೆಳೆದು, ಮತ್ತೆ ಬೀಜ ಮಾಡಿ, ಕುಳ್ಳಿನ ಬೂದಿ ಹಚ್ಚಿ, ಬೇವಿನೆಲೆ ಸೇರಿಸಿ ಕಾಪಾಡಿಕೊಂಡು ಬಂದಿದ್ದಾರೆ. ಊರಿಗೆ ಊರೇ ನೀರೊಳಗಿದ್ದರೂ ಅದರ ಪುಂಡಿಪಲ್ಯ ವಿಜಯಪುರದ ಎರಡನೆಯ ಅಂತಸ್ತಿನಲ್ಲಿ ಇನ್ನೂ ಚಿಗುರುತ್ತಿದೆ.

ಅವರ ಮಾತಿನಂತೆ ಮಣ್ಣನ್ನು ಹೊಸದಾಗಿ ಕೂಡಿಸಿದೆನು. ಎರಡು ಬುಟ್ಟಿ ಮಸಾರಿ ಮಣ್ಣು, ಒಂದು ಬುಟ್ಟಿ ಉಸುಕು, ಒಂದು ಬುಟ್ಟಿ ಹಳೆಯ ತಿಪ್ಪೆಗೊಬ್ಬರ, ಮೇಲೆ ಎರಡು ಮುಷ್ಟಿ ಬೇವಿನ ಹಿಂಡಿ. ನನ್ನ ಮೋಹಕ್ಕಾಗಿ ಅರ್ಧ ಬುಟ್ಟಿ ಎರೆ. ತಳದ ರಂಧ್ರದ ಮೇಲೆ ಒಡೆದ ಮಡಕೆಯ ಬೋಕಿಯನ್ನು ಬೋರಲಾಗಿಟ್ಟರೆ ನೀರು ಹೋಗುವುದು, ಮಣ್ಣು ನಿಲ್ಲುವುದು. ದೊಡ್ಡ ಬುಟ್ಟಿಗಳಿಗೆ ಮಣ್ಣನ್ನು ತಗ್ಗಿಸಿ ತೆಂಗಿನ ನಾರಿನ ಪುಡಿಯನ್ನು ಹೆಚ್ಚಿಸಿದೆನು. ಏಕೆಂದರೆ 20 ಲೀಟರು ಹಿಡಿಯುವ ಬುಟ್ಟಿಗೆ ಒದ್ದೆ ಮಣ್ಣು ತುಂಬಿದರೆ ಮೂವತ್ತು ಕಿಲೋವನ್ನು ಮೀರಿ ತೂಗುತ್ತದೆ, ಮತ್ತು ಗ್ಯಾಲರಿಯೆಂಬುದು ಗೋಡೆಯಿಂದ ಹೊರಗೆ ಚಾಚಿದ ಹಲಗೆಯೆಂಬುದನ್ನು ಮರೆಯಬಾರದು. ಭಾರವಾದ ಪಾತ್ರೆಗಳನ್ನು ಗೋಡೆಯ ಬದಿಗೆ, ಹಗುರಾದವುಗಳನ್ನು ಅಂಚಿಗೆ ಇಟ್ಟಿದ್ದೇನೆ. ಪ್ರತಿಯೊಂದರ ಕೆಳಗೂ ತಟ್ಟೆ; ಅವ್ವಾರ ಶಾವಿಗೆ ಅನಂತರ ಎಂದೂ ಕೆಡಲಿಲ್ಲ.

ಹೊಲದ ಒಂದು ವಿದ್ಯೆಯನ್ನು ಮಾತ್ರ ಕುಂಡಕ್ಕೂ ತಂದಿದ್ದೇನೆ, ಅದು ಎಡೆ ಹೊಡೆಯುವುದು. ಜೋಳದ ಸಾಲುಗಳ ನಡುವೆ ಎಡೆಕುಂಟೆ ಹಾಯಿಸಿ, ಬಿರುಕುಗಳನ್ನು ಪುಡಿಮಣ್ಣಿನಿಂದ ಮುಚ್ಚಿ, ಒಳಗಿನ ಹಸಿಯು ಆರಿಹೋಗದಂತೆ ತಡೆಯುವುದು ನಮ್ಮವರ ಕ್ರಮ. ನನ್ನ ಎಡೆಕುಂಟೆಯೆಂದರೆ ಹಳೆಯದೊಂದು ಊಟದ ಚಮಚ. ಮೂರು ದಿನಕ್ಕೊಮ್ಮೆ ಪ್ರತಿ ಕುಂಡದ ಮೇಲ್ಮಣ್ಣನ್ನು ಬೆರಳ ಗೆಣ್ಣಿನಷ್ಟು ಆಳಕ್ಕೆ ಕೆದಕಿ, ಮೇಲೆ ತೊಗರಿಯ ಹೊಟ್ಟನ್ನು ಹೊದಿಸುತ್ತೇನೆ. ಚೈತ್ರ ವೈಶಾಖಗಳಲ್ಲಿ ಉಷ್ಣತೆಯು 40 ಡಿಗ್ರಿಯನ್ನು ದಾಟಿ, ಬಿಸಿಗಾಳಿಗೆ ತುಟಿಯೊಡೆಯುವ ದಿನಗಳಲ್ಲಿಯೂ, ಹೊಟ್ಟನ್ನು ಸರಿಸಿ ಬೆರಳಿಟ್ಟರೆ ಕೆಳಗೆ ತಂಪು ಸಿಕ್ಕುತ್ತದೆ. ಆ ತಂಪಿಗೆ ಬೆರಳು ತಾಗಿದಾಗ ಆಗುವ ಸಮಾಧಾನವನ್ನು ಜ್ವರ ಬಿಟ್ಟ ಮಗುವಿನ ಹಣೆಯನ್ನು ಮುಟ್ಟಿ ನೋಡಿದ ತಾಯಂದಿರು ಬಲ್ಲರು. ನಳದ ನೀರು ಬರುವುದಕ್ಕೂ ಬರುವುದಕ್ಕೂ ನಡುವೆ ಕೆಲವು ದಿನಗಳ ಅಂತರವಿರುವುದರಿಂದ, ಅಕ್ಕಿಬೇಳೆ ತೊಳೆದ ನೀರು, ತಪ್ಪಲು ತೊಳೆದ ನೀರು ಯಾವುದೂ ನಮ್ಮ ಮನೆಯಲ್ಲಿ ಮೋರಿಗೆ ಹೋಗುವುದಿಲ್ಲ. ಬೋರಿನ ನೀರನ್ನು ಮಾತ್ರ ಆದಷ್ಟು ದೂರವಿಟ್ಟಿದ್ದೇನೆ. ಅದನ್ನೇ ಎರೆಯುತ್ತ ಹೋದರೆ ಕುಂಡದ ಅಂಚಿಗೆ ಬಿಳಿಯ ಉಪ್ಪು ಕಟ್ಟಿ, ಎಳೆ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ.

ಈ ಕುಂಡದ ಬೇಸಾಯವು ನಗರದವರು ಹೊಸದಾಗಿ ಕಂಡುಹಿಡಿದ ವಿನೋದವೆಂದು ಕೆಲವರು ತಿಳಿದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅಂಗಳದ ತುಳಸೀವೃಂದಾವನವು ಏನು? ಒಂದು ಗಿಡಕ್ಕಾಗಿ ಕಟ್ಟಿದ ಒಂದು ಪಾತ್ರೆ. ನೆಲದಿಂದ ಎತ್ತಿ, ಮನೆಯ ಮನುಷ್ಯರಲ್ಲಿ ಒಬ್ಬಳೆಂಬಂತೆ ದಿನವೂ ನೀರು ಕೊಟ್ಟು ಮಾತನಾಡಿಸುವ ಗಿಡ. ನವರಾತ್ರಿಯಲ್ಲಿ ಘಟ ಹಾಕುವಾಗ ದೇವರ ಮುಂದೆ ಹಿಡಿ ಮಣ್ಣು ಹರವಿ, ಜೋಳ ಗೋಧಿಗಳನ್ನು ಬಿತ್ತಿ, ಒಂಬತ್ತು ದಿನ ನೀರು ಚಿಮುಕಿಸಿ, ಕತ್ತಲೆಯ ದೇವರಮನೆಯಲ್ಲಿ ಬಂಗಾರದ ಬಣ್ಣದ ಸಸಿಗಳು ಏಳುವುದನ್ನು ಕಾದು ನೋಡಿದ ಮಕ್ಕಳಲ್ಲಿ ನಾನೂ ಒಬ್ಬನು. ಹೊಲದಲ್ಲಿ ನೂರು ಚೀಲ ಬೆಳೆಯುವ ರೈತನೂ ಆ ಹಿಡಿ ಮಣ್ಣಿನ ಸಸಿಗೆ ಕೈಮುಗಿಯುತ್ತಿದ್ದನಲ್ಲವೆ?

ಇನ್ನು ನನ್ನ ಲಿಂಬೆಯ ವಿಷಯ. ಇಂಡಿಯಲ್ಲಿ ಹನ್ನೊಂದು ವರ್ಷ ಇದ್ದವನಿಗೆ ಲಿಂಬೆಯಿಲ್ಲದೆ ತೋಟವು ತೋಟವೆನಿಸದು. ಆ ಸೀಮೆಯ ಕಾಗ್ಜಿ ಲಿಂಬೆಯು ತೆಳುಸಿಪ್ಪೆಯದು, ರಸಭರಿತವಾದುದು. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು, ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯಿರುವುದೂ ಇಂಡಿಯಲ್ಲಿಯೇ. ಹಳೆಯ ಶಿಷ್ಯನೊಬ್ಬನು ತನ್ನ ತೋಟದಿಂದ ತಂದುಕೊಟ್ಟ ಹಣ್ಣಿನ ಬೀಜವೊಂದನ್ನು ಎರಡನೆಯ ವರ್ಷದಲ್ಲಿ ಒಂದು ಡಬ್ಬಿಯಲ್ಲಿ ಊರಿದೆನು. ಮೂರು ವಾರವಾದ ಮೇಲೆ ನೋಡಿದರೆ ಒಂದೇ ಬೀಜದಿಂದ ಎರಡು ಮೊಳಕೆಗಳು, ಅಕ್ಕತಂಗಿಯರಂತೆ ಮೈಗೆ ಮೈ ಹತ್ತಿ ನಿಂತಿದ್ದುವು. ಲಿಂಬೆಯ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುತ್ತವೆ; ಅವುಗಳಲ್ಲಿ ಬಹುಪಾಲು ತಾಯಿಗಿಡದ ಗುಣವನ್ನೇ ಹೊತ್ತು ಬರುವುದರಿಂದ ಬೀಜದ ಸಸಿಯನ್ನು ನೆಟ್ಟವನಿಗೂ ಮೋಸವಿಲ್ಲ. ಒಂದನ್ನು ಅವ್ವಾರಿಗೆ ಕೊಟ್ಟು ಇನ್ನೊಂದನ್ನು ದೊಡ್ಡ ಬುಟ್ಟಿಗೆ ಬದಲಿಸಿದೆನು.

ಆರು ವರ್ಷ ಅದು ಎಲೆ ಮತ್ತು ಮುಳ್ಳುಗಳನ್ನಲ್ಲದೆ ಬೇರೇನನ್ನೂ ಕೊಡಲಿಲ್ಲ. ನಾನು ದಿನವೂ ತಪ್ಪದೆ ನೀರು ಕೊಟ್ಟೆನು, ಗೊಬ್ಬರ ಕೊಟ್ಟೆನು. ಗಿಡ ಕಪ್ಪು ಹಸಿರಾಗಿ ಬೆಳೆಯಿತು, ಹೂ ಬಿಡಲಿಲ್ಲ. ಏಳನೆಯ ವರ್ಷ ನನಗೆ ಕಾಯಿಲೆಯಾಗಿ ಹದಿನೆಂಟು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಮನೆಯವರೆಲ್ಲರೂ ನನ್ನ ಹಾಸಿಗೆಯ ಬಳಿ, ಗ್ಯಾಲರಿಯತ್ತ ನೋಡುವವರಾರು? ಮರಳಿ ಬಂದಾಗ ಲಿಂಬೆಯ ಅರ್ಧದಷ್ಟು ಎಲೆಗಳು ಉದುರಿ, ಉಳಿದವು ದೋಣಿಯಂತೆ ಮಡಚಿಕೊಂಡಿದ್ದುವು. ಗೋಡೆ ಹಿಡಿದುಕೊಂಡೇ ಹೋಗಿ ಅದಕ್ಕೆ ನೀರೆರೆದೆನು. ಮೂರು ವಾರಗಳಲ್ಲಿ, ಎಲೆ ಉದುರಿದ ಆ ಬರಿಯ ಕಡ್ಡಿಗಳ ಕಂಕುಳಿನಲ್ಲಿ, ಗುಂಡುಸೂಜಿಯ ತಲೆಯಷ್ಟು ಮೊಗ್ಗುಗಳು, ಬಿಳಿಯವು, ಅಂಚಿಗೆ ತುಸು ನಸುಗೆಂಪು, ಗೊಂಚಲುಗೊಂಚಲಾಗಿ ಕಾಣಿಸಿಕೊಂಡುವು. ಆಗ ನನಗೆ ಇಂಡಿಯ ಬೆಳೆಗಾರರು ಬಹಾರ ಹಿಡಿಸುವ ಕ್ರಮವು ನೆನಪಾಯಿತು. ಅವರು ಬೇಕೆಂದೇ ಕೆಲಕಾಲ ತೋಟಕ್ಕೆ ನೀರು ನಿಲ್ಲಿಸಿ, ಗಿಡ ಬಾಡಿ ಎಲೆಯುದುರಿಸಲೆಂದು ಕಾದು, ಅನಂತರ ಗೊಬ್ಬರ ಹಾಕಿ ನೀರು ಬಿಡುತ್ತಾರೆ. ಗಿಡವು ಮೈತುಂಬ ಹೂವಾಗುತ್ತದೆ. ಇಷ್ಟು ವರ್ಷ ಕಣ್ಣಾರೆ ಕಂಡದ್ದನ್ನು ನಾನು ನನ್ನ ಗಿಡಕ್ಕೆ ಅನ್ವಯಿಸಿರಲಿಲ್ಲ. ಪ್ರೀತಿಯ ಹೆಸರಿನಲ್ಲಿ ಅದಕ್ಕೆ ಬಾಯಾರಲು ಬಿಡುವೇ ಕೊಟ್ಟಿರಲಿಲ್ಲ.

ಹೂವಿನ ಹಿಂದೆಯೇ ಚಿಟ್ಟೆಯೂ ಬಂದಿತು. ಕಪ್ಪು ರೆಕ್ಕೆಯ ಮೇಲೆ ತಿಳಿಹಳದಿ ಮಚ್ಚೆಗಳುಳ್ಳ ಆ ಚಿಟ್ಟೆ ಮೂರು ಅಂತಸ್ತನ್ನೇರಿ ಒಂದೇ ಒಂದು ಲಿಂಬೆಯ ಗಿಡವನ್ನು ಹೇಗೆ ಹುಡುಕಿತೋ! ಎಳೆಯ ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕದಾದ, ಮಾಸಲು ಹಳದಿಯ ಮೊಟ್ಟೆಗಳು. ಅವುಗಳಿಂದ ಹೊರಟ ಹುಳುಗಳು ಹಕ್ಕಿಯ ಹಿಕ್ಕೆಯೆಂದು ನಂಬುವಂತೆ ಕಂದು-ಬಿಳಿಯಾಗಿ ಎಲೆಗೆ ಅಂಟಿಕೊಂಡಿದ್ದುವು. ಬಲಿತಂತೆ ಎಲೆಯದೇ ಹಸಿರನ್ನು ತಾಳಿದುವು. ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ತಲೆಯೆತ್ತಿ, ಕುತ್ತಿಗೆಯ ಹಿಂಬದಿಯಿಂದ ಕವಲೊಡೆದ ಕೆಂಪು ಕೊಂಬನ್ನು ಹೊರಚಾಚಿ, ಹುಳಿತ ಹಣ್ಣಿನಂತಹ ತೀಕ್ಷ್ಣವಾದ ವಾಸನೆಯನ್ನು ಬಿಡುವುವು. ಎಣಿಸಿದೆನು, ಹನ್ನೊಂದು. ಹೊಲದವನಾದರೆ ಔಷಧ ಹೊಡೆಯುತ್ತಿದ್ದನು. ಅವನ ಹೊಟ್ಟೆಯ ಪ್ರಶ್ನೆ ಅದು, ನಾನು ಅವನನ್ನು ದೂರಲಾರೆ. ನನಗೆ ಆ ಬಲವಂತವಿಲ್ಲ. ಒಂಬತ್ತನ್ನು ಎಲೆಸಹಿತ ಎತ್ತಿ, ಕಾಂಪೌಂಡಿನ ಮೂಲೆಯಲ್ಲಿ ಯಾರೂ ನೆಡದೆ ಹುಟ್ಟಿದ್ದ ಬಿಲ್ವದ ಗಿಡಕ್ಕೆ ಬಿಟ್ಟು ಬಂದೆನು. ಬಿಲ್ವವೂ ಲಿಂಬೆಯ ಕುಲದ್ದೇ, ಅವುಗಳಿಗೆ ಅದರ ಎಲೆಯೂ ಸಲ್ಲುವುದು. ಎರಡನ್ನು ಗಿಡದಲ್ಲಿಯೇ ಉಳಿಸಿದೆನು. ಆ ವರ್ಷ ಲಿಂಬೆ ಕೊಟ್ಟ ಕಾಯಿ ಏಳು. ನಾಲ್ಕು ನಮಗೆ, ಎರಡು ಅವ್ವಾರಿಗೆ, ಬೀಜ ಕೊಟ್ಟ ಶಿಷ್ಯನಿಗೆ ಒಂದು. ಅವನ ತೋಟದಲ್ಲಿ ಲಿಂಬೆಯನ್ನು ಸಾವಿರದ ಲೆಕ್ಕದಲ್ಲಿ ಎಣಿಸಿ ಮಾರುತ್ತಾರೆ. ಆದರೂ ಆ ಒಂದನ್ನು ಅವನು ಎರಡೂ ಕೈಯೊಡ್ಡಿ ತೆಗೆದುಕೊಂಡನು.

ಮೊದಲು ತಂದ ಎರೆಯಲ್ಲಿ ಎರಡು ಚೀಲದಷ್ಟು ಹಾಗೆಯೇ ಉಳಿದು, ಅಟ್ಟದ ಕೆಳಗೆ ಬಾಯಿ ಕಟ್ಟಿ ಕುಳಿತಿತ್ತು. ಎಸೆಯಲು ಮನಸ್ಸಿರಲಿಲ್ಲ, ಬಳಸಲು ದಾರಿಯಿರಲಿಲ್ಲ. ಹೋದ ಸಲ ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಾಗ ಅವ್ವಾರು ಬಾಗಿಲಲ್ಲಿ ನಿಂತು, "ಮಾಸ್ತರ, ಆ ಎರಿ ಅದ ಏನ್ರಿ ಇನ್ನ? ಹುಡುಗೂರಿಗೆ ಎತ್ತ ಮಾಡಿ ಕೊಡೋಣು. ಪ್ಯಾಟ್ಯಾಗಿನ ಎತ್ತಿಗೆ ಸುಣ್ಣಾಬಣ್ಣಾ ಬಾಳ, ಮಣ್ಣಿನ ವಾಸನೀನ ಇಲ್ಲ" ಎಂದರು. ಅಂದು ನಮ್ಮ ಗ್ಯಾಲರಿಯಲ್ಲಿ ಕಟ್ಟಡದ ಒಂಬತ್ತು ಮಕ್ಕಳು ಕುಳಿತವು. ಅವ್ವಾರು ಎರೆಯನ್ನು ಸೋಸಿ, ನೀರು ಚಿಮುಕಿಸಿ, ರೊಟ್ಟಿಯ ಹಿಟ್ಟನ್ನು ನಾದುವಂತೆ ನಾದಿದರು. ಕುಂಡದಲ್ಲಿ ಕಲ್ಲಾಗಿ ನಿಂತಿದ್ದ ಅದೇ ಮಣ್ಣು ಅವರ ಅಂಗೈಯೊಳಗೆ ಬೆಣ್ಣೆಯಂತೆ ಹೇಳಿದ ಹಾಗೆ ಕೇಳಿತು. ಹಿಣಿಲು ಎದ್ದಿತು, ಕೊಂಬು ಬಾಗಿತು, ಕಣ್ಣಿಗೆ ಎರಡು ಜೋಳದ ಕಾಳುಗಳು ಕುಳಿತುವು. ಪೂಜೆಯಾದ ಮೇಲೆ ಎತ್ತುಗಳನ್ನು ಬಿಡಲು ನಮಗೆ ಬಾವಿಯೆಲ್ಲಿ? ಒಂದು ಜೋಡಿಯನ್ನು ಮೊಮ್ಮಗಳು ಲಿಂಬೆಯ ಬುಟ್ಟಿಯೊಳಗೆ, ಹೊಟ್ಟಿನ ಮೇಲೆ, ಬುಡಕ್ಕೆ ಮುಖಮಾಡಿ ನಿಲ್ಲಿಸಿದಳು.

ಮೂರನೆಯ ದಿನ ಸಂಜೆ ಮೂಡಣದಿಂದ ಗಾಳಿ ಎದ್ದು ಮಳೆಯ ಇರಚಲು ಗ್ಯಾಲರಿಯೊಳಕ್ಕೆ ಹೊಡೆಯಿತು. ಮೊದಲು ಕೊಂಬುಗಳು ಕರಗಿದುವು, ಅನಂತರ ಹಿಣಿಲು. ಬೆಳಗಾಗುವಷ್ಟರಲ್ಲಿ ಲಿಂಬೆಯ ಬುಡದಲ್ಲಿ ಎರಡು ಕಪ್ಪು ಗುಪ್ಪೆಗಳು ಮಾತ್ರ ಇದ್ದುವು. ವಾರವೊಂದು ಕಳೆದ ಮೇಲೆ, ಚಮಚದಿಂದ ಎಡೆ ಹೊಡೆಯಲು ಕುಳಿತಾಗ, ಅವುಗಳಲ್ಲೊಂದರ ಮೇಲೆ ಎತ್ತಿನ ಕಣ್ಣಾಗಿದ್ದ ಜೋಳದ ಕಾಳು ಮೊಳೆತು ಎರಡೆಲೆಯಾಗಿರುವುದನ್ನು ಕಂಡೆನು.